ಹೀಥ್ರೋದಿಂದ ಜೆಎಫ್‌ಕೆಗೆ 5,540 ಕಿ.ಮೀ. ಸರಿ, ಆದರೆ ಸಮಯ ಎಷ್ಟು? ಮೂರು ಕಡೆ ಮೂರು ಉತ್ತರ

ಪಯಣಿಗ_16 ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಮಾರ್ಚ್ 16ಕ್ಕೆ ಲಂಡನ್ನಿನ ಹೀಥ್ರೋದಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಹೋಗುತ್ತಿದ್ದೇನೆ. ಅಲ್ಲಿಂದ ಅದೇ ದಿನ ಬಾಸ್ಟನ್‌ಗೆ ಹೋಗಬೇಕು. ಲಂಡನ್–ನ್ಯೂಯಾರ್ಕ್ ಟಿಕೆಟ್ ತೆಗೆದುಕೊಂಡಾಗಿದೆ. ಬಾಸ್ಟನ್ ಟಿಕೆಟ್ ಬೇರೆ ಕಂಪನಿಯದು, ಇನ್ನೂ ತೆಗೆದಿಲ್ಲ. ಅದಕ್ಕೂ ಮೊದಲು ಒಂದು ಲೆಕ್ಕ ಸರಿ ಹೋಗಬೇಕು, ಅದು ಹೋಗ್ತಾ ಇಲ್ಲ.

ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರ ತೋರಿಸುವ ವೆಬ್‌ಸೈಟ್ ಒಂದರಲ್ಲಿ ಹೀಥ್ರೋ, ಜೆಎಫ್‌ಕೆ ಎರಡನ್ನೂ ಹಾಕಿದೆ. 5,540 ಕಿ.ಮೀ., ಹಾರಾಟದ ಸಮಯ 6 ಗಂಟೆ 25 ನಿಮಿಷ ಅಂತ ಬಂತು.

ಟಿಕೆಟ್‌ನಲ್ಲಿ ಹೋಗುವ ವಿಮಾನ 11:20ಕ್ಕೆ ಹೊರಟು 15:15ಕ್ಕೆ ತಲುಪುತ್ತದೆ. ನ್ಯೂಯಾರ್ಕ್ 5 ಗಂಟೆ ಹಿಂದೆ ಅಲ್ವಾ? ಅದನ್ನು ಕೂಡಿಸಿದರೆ 8 ಗಂಟೆ 55 ನಿಮಿಷ. ಮಾರ್ಚ್ 24ಕ್ಕೆ ವಾಪಸ್ ಬರುವುದು 18:30ಕ್ಕೆ ಹೊರಟು ಮಾರನೇ ದಿನ ಬೆಳಿಗ್ಗೆ 5:30ಕ್ಕೆ. 11 ಗಂಟೆಯಲ್ಲಿ 5 ಕಳೆದರೆ ಬರೀ 6 ಗಂಟೆ.

ಅದೇ ಎರಡು ನಿಲ್ದಾಣ, ಅದೇ ಅಂತರ. ಹೋಗಲು ಸುಮಾರು 9 ಗಂಟೆ, ಬರಲು 6 ಗಂಟೆ, ಸೈಟ್ ಪ್ರಕಾರ ಆರೂವರೆಗಿಂತ ಕಡಿಮೆ. ಕಂಪನಿಯವರು ಸುಮ್ನೆ ಸಮಯ ಜಾಸ್ತಿ ಬರೆದುಕೊಳ್ಳುತ್ತಾರೆ ಅಂತ ಎಲ್ಲೋ ಓದಿದ್ದೆ. ಹಾಗಿದ್ದರೆ ಸೈಟ್ ಹೇಳಿದ್ದೇ ನಿಜ, ಮಧ್ಯಾಹ್ನ ಒಂದು ಗಂಟೆಯೊಳಗೇ ಇಳಿಯುತ್ತೇನೆ. 17:05ಕ್ಕೆ ಒಂದು ಬಾಸ್ಟನ್ ವಿಮಾನ ಇದೆ, ದರವೂ ಕಡಿಮೆ. ತೆಗೆದುಕೊಳ್ಳಲಾ?

---

ಕಿಟಕಿಸೀಟು:

ಗಾಳಿ ಸ್ವಾಮಿ, ಗಾಳಿ. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಎತ್ತರದಲ್ಲಿ ಬೀಸುತ್ತದೆ. ನ್ಯೂಯಾರ್ಕಿಗೆ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಗಾಳಿ. 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿ ಬಂದಿತ್ತಲ್ಲ, ಆಗ ಬ್ರಿಟಿಷ್ ಏರ್‌ವೇಸ್‌ನ ಒಂದು 747 ಜೆಎಫ್‌ಕೆಯಿಂದ ಹೀಥ್ರೋಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ವೇಗ ಗಂಟೆಗೆ 1,327 ಕಿ.ಮೀ. ಮುಟ್ಟಿತ್ತು! ಹಾಗಾಗಿ 9 ಮತ್ತು 6 ಅಂದರೆ ನನಗೇನೂ ಆಶ್ಚರ್ಯ ಇಲ್ಲ.

---

ಲೆಕ್ಕದ ಮೇಷ್ಟ್ರು:

ಗಾಳಿ ನಿಜ, ಆದರೆ 3 ಗಂಟೆ ವ್ಯತ್ಯಾಸಕ್ಕೆ ಗಾಳಿಯೊಂದನ್ನೇ ದೂರಬೇಡಿ. ಪಯಣಿಗರೇ, ನಿಮ್ಮ ತಾರೀಖು ನೋಡಿ. ಮಾರ್ಚ್ 16 ಮತ್ತು 24.

ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕುವುದು ಮಾರ್ಚ್ ತಿಂಗಳ ಎರಡನೇ ಭಾನುವಾರ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್ನಿಗೂ ನ್ಯೂಯಾರ್ಕಿಗೂ ಅಂತರ 4 ಗಂಟೆ ಮಾತ್ರ. ಎರಡನೇ ಭಾನುವಾರ ಎಷ್ಟು ತಡವಾದರೂ 14ಕ್ಕೆ ಬರುತ್ತದೆ, ಕೊನೇ ಭಾನುವಾರ ಎಷ್ಟು ಬೇಗ ಅಂದರೂ 25ಕ್ಕೆ. ನಿಮ್ಮ ಎರಡೂ ತಾರೀಖು ಯಾವ ವರ್ಷವಾದರೂ ಆ ಸಂದಿಯಲ್ಲೇ ಬೀಳುತ್ತವೆ. ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ಹೀಗೇ ಆಗುತ್ತದೆ.

ಈಗ 5ರ ಬದಲು 4 ಹಾಕಿ. ಹೋಗುವುದು 7 ಗಂಟೆ 55 ನಿಮಿಷ. ಬರುವುದು 7 ಗಂಟೆ. 3 ಗಂಟೆಯ ವ್ಯತ್ಯಾಸ 55 ನಿಮಿಷಕ್ಕೆ ಇಳಿಯಿತು. ಉಳಿದ ಈ 55 ನಿಮಿಷ ಕಿಟಕಿಸೀಟು ಅವರ ಗಾಳಿಗೆ ಬಿಟ್ಟುಕೊಡುತ್ತೇನೆ.

ಇನ್ನು ಸೈಟ್‌ನ 5,540. ಅದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗುಂಡು ಚೆಂಡು ಅಂದುಕೊಂಡು ಮಾಡಿದ ಲೆಕ್ಕ. ಹೀಥ್ರೋ 51.47 ಡಿಗ್ರಿ ಉತ್ತರ, 0.45 ಪಶ್ಚಿಮ. ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ಗೋಳದ ಮೇಲಿನ ಎರಡು ಜಾಗಗಳ ನಡುವಿನ ಅಂತರ ಕೊಡುವ ಹ್ಯಾವರ್‌ಸೈನ್ ಸೂತ್ರಕ್ಕೆ ಈ ನಾಲ್ಕು ಸಂಖ್ಯೆ ಕೊಟ್ಟರೆ 5,540 ಬರುತ್ತದೆ. ಬೇರೆ ಸೈಟ್ ನೋಡಿದರೆ ನಿಮಗೆ 5,555ರ ಆಸುಪಾಸು ಸಿಗಬಹುದು. ಅದೂ ತಪ್ಪಲ್ಲ. ಭೂಮಿ ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ, ಅದನ್ನು ಹಿಡಿದು ಲೆಕ್ಕ ಮಾಡಿದರೆ ಹಾಗೆ ಬರುತ್ತದೆ. ಹದಿನೈದು ಕಿ.ಮೀ. ಅಂದರೆ ವಿಮಾನಕ್ಕೆ ಒಂದು ನಿಮಿಷದ ಮಾತು, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದವರು ಮಾತ್ರ ಮೋಸ ಹೋಗುತ್ತಾರೆ. ಗೋಡೆ ನಕ್ಷೆಯ ನೇರ ಗೆರೆ ಹಿಡಿದು, ಅಂದರೆ ದಿಕ್ಸೂಚಿಯ ಒಂದೇ ದಿಕ್ಕಿಗೆ ಹೋದರೆ ಸುಮಾರು 5,760 ಕಿ.ಮೀ. ಆಗುತ್ತದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ. ನ್ಯೂಯಾರ್ಕ್ ಲಂಡನ್ನಿಗಿಂತ ತುಂಬಾ ದಕ್ಷಿಣದಲ್ಲಿದೆ, ಆದರೂ ದಾರ ಹೀಥ್ರೋ ಬಿಟ್ಟ ತಕ್ಷಣ ಉತ್ತರಕ್ಕೆ ವಾಲುತ್ತದೆ.

---

ಪಯಣಿಗ_16:

ಮೇಷ್ಟ್ರೇ, ಗಡಿಯಾರದ ವಿಷಯಕ್ಕೆ ತುಂಬಾ ಥ್ಯಾಂಕ್ಸ್. ಅದು ಬಗೆಹರಿಯಿತು. ಆದರೂ ಸೈಟ್ 6:25, ಟಿಕೆಟ್ 7:55. ಇನ್ನೂ ಒಂದೂವರೆ ಗಂಟೆ ಎಲ್ಲಿ ಹೋಯಿತು? ಇದು ಕಂಪನಿಯವರು ಸೇರಿಸಿಕೊಂಡಿದ್ದೇ ತಾನೆ?

---

ಹಳೇ ಡಿಸ್ಪ್ಯಾಚರ್:

ನಾನು ಈ ಕೆಲಸವನ್ನೇ ಮಾಡಿ ನಿವೃತ್ತನಾದವನು. ವಿಮಾನ ಹೊರಡುವ ಕೆಲವು ಗಂಟೆ ಮೊದಲು ನೆಲದಲ್ಲಿ ಕೂತು ದಾರಿ, ಎತ್ತರ, ಇಂಧನ, ಸಮಯ ಎಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವವರು ಡಿಸ್ಪ್ಯಾಚರ್. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಸೈಟ್ ಮಾಡಿರುವುದು ಇಷ್ಟೇ. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. 5,540ನ್ನು ಅದರಿಂದ ಭಾಗಿಸಿದರೆ 6 ಗಂಟೆ 9 ನಿಮಿಷ. ಏರಲು ಇಳಿಯಲು ಅಂತ ಒಂದು ಕಾಲು ಗಂಟೆ ಸೇರಿಸಿದೆ. ಆಯಿತು 6:25. ಇದರಲ್ಲಿ ಗಾಳಿ ಇಲ್ಲ, ರನ್‌ವೇ ಇಲ್ಲ, ಸರತಿ ಇಲ್ಲ. ಭೂಮಿ ಮೇಲೆ ಇರುವುದು ಆ ಒಂದೇ ವಿಮಾನ ಅಂದುಕೊಂಡ ಲೆಕ್ಕ ಅದು. ಲಂಡನ್ನಿಂದ ನ್ಯೂಯಾರ್ಕಿಗೂ ಅದೇ ಉತ್ತರ, ನ್ಯೂಯಾರ್ಕಿನಿಂದ ಲಂಡನ್ನಿಗೂ ಅದೇ ಉತ್ತರ. ಅಲ್ಲೇ ಗೊತ್ತಾಗಬೇಕು.

ಟಿಕೆಟ್ ಮೇಲಿರುವುದು ಹಾರಾಟದ ಸಮಯವೇ ಅಲ್ಲ. ಅದನ್ನು ನಾವು ಬ್ಲಾಕ್ ಟೈಮ್ ಅನ್ನುತ್ತೇವೆ. ಹೀಥ್ರೋ ಗೇಟ್‌ನಲ್ಲಿ ಚಕ್ರದ ತಡೆ ತೆಗೆದು ವಿಮಾನ ಹಿಂದಕ್ಕೆ ಸರಿಯಲು ಶುರುವಾದ ಕ್ಷಣದಿಂದ ಜೆಎಫ್‌ಕೆ ಗೇಟ್‌ನಲ್ಲಿ ನಿಂತು ಮತ್ತೆ ತಡೆ ಹಾಕುವ ತನಕ. 11:20 ಅಂದರೆ ಪುಶ್‌ಬ್ಯಾಕ್. ಆಮೇಲೆ ಇಂಜಿನ್ ಶುರು ಮಾಡಬೇಕು, ಟ್ಯಾಕ್ಸಿ ಮಾಡಬೇಕು (ಅಂದರೆ ನೆಲದ ಮೇಲೆ ಉರುಳುತ್ತಾ ರನ್‌ವೇ ತನಕ ಹೋಗಬೇಕು), ರನ್‌ವೇ ಬಾಯಲ್ಲಿ ಸರತಿಯಲ್ಲಿ ನಿಲ್ಲಬೇಕು. ಹೀಥ್ರೋಗೆ ಇರುವುದು ಎರಡೇ ರನ್‌ವೇ. ಸಾಮಾನ್ಯವಾಗಿ ಒಂದರಲ್ಲಿ ಏರುವವರು, ಇನ್ನೊಂದರಲ್ಲಿ ಇಳಿಯುವವರು. ಚಕ್ರ ನೆಲ ಬಿಡುವ ಹೊತ್ತಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಹೋಗಿರುತ್ತದೆ. ಆ ಕಡೆ ಇಳಿದ ಮೇಲೆ ಗೇಟ್ ತಲುಪಲು ಹತ್ತು ಹದಿನೈದು ನಿಮಿಷ. ಗೇಟ್ ಖಾಲಿ ಇಲ್ಲದಿದ್ದರೆ ಕಿಟಕಿಯಿಂದ ಟರ್ಮಿನಲ್ ನೋಡುತ್ತಾ ಕೂರಬೇಕು, ಅದು ಬೇರೆ ಕಥೆ.

ಅಲ್ಲಿಗೆ ಒಂದೂವರೆ ಗಂಟೆಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ನೆಲದ ಮೇಲೇ ಸಿಕ್ಕಿತು.

ಉಳಿದದ್ದು ಬಹುಪಾಲು ಗಾಳಿ. ಮೇಷ್ಟ್ರಿಗೆ ಇಷ್ಟವಾಗುವ ಲೆಕ್ಕ ಇದು. ವಿಮಾನಕ್ಕೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿಯಲ್ಲಿ ತನ್ನ ವೇಗ. ಆ ಗಾಳಿಯೇ ಓಡುತ್ತಿದ್ದರೆ, ಹೊಳೆಯಲ್ಲಿ ದೋಣಿ ಹೋದ ಹಾಗೆ. ಎದುರಿಗೆ 100 ಕಿ.ಮೀ. ಗಾಳಿ ಇದ್ದರೆ ನೆಲದ ಮೇಲಿನ ವೇಗ 800. 5,540ಕ್ಕೆ 6 ಗಂಟೆ 55 ನಿಮಿಷ. ಬೆನ್ನಿಗೆ ಅದೇ ಗಾಳಿ ಇದ್ದರೆ 1,000. 5 ಗಂಟೆ 32 ನಿಮಿಷ. ಕಿಟಕಿಸೀಟು ಹೇಳಿದ 747ಕ್ಕೆ ಆಗಿದ್ದೂ ಇದೇ. ನೆಲದಿಂದ ನೋಡಿದರೆ 1,327, ಆದರೆ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು, ಶಬ್ದದ ವೇಗವನ್ನೇನೂ ದಾಟಲಿಲ್ಲ. ನಿಜವಾಗಿ ಶಬ್ದವನ್ನು ದಾಟುತ್ತಿದ್ದದ್ದು ಕಾಂಕಾರ್ಡ್. 1996ರ ಫೆಬ್ರವರಿ 7ರಂದು ಇದೇ ಜೆಎಫ್‌ಕೆ–ಹೀಥ್ರೋ ದಾರಿಯನ್ನು ಅದು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತು. ಆ ಕಾಲ ಮುಗಿಯಿತು.

ಇನ್ನೊಂದು ವಿಷಯ. ಜೆಟ್ ಸ್ಟ್ರೀಮ್ ಇರುವುದು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ಸರಿಯಾಗಿ ನಾವು ಹಾರುವ ಜಾಗದಲ್ಲಿ. ಚಳಿಗಾಲದಲ್ಲಿ ಜೋರು, ಬೇಸಿಗೆಯಲ್ಲಿ ಮೆದು. ದಿನಾ ಜಾಗ ಬದಲಿಸುತ್ತದೆ. ಅದಕ್ಕೇ ಅಟ್ಲಾಂಟಿಕ್ ಮೇಲೆ ದಿನಕ್ಕೊಂದು ಹೊಸ ದಾರಿಪಟ್ಟಿ ಹೊರಡುತ್ತದೆ. ಯುರೋಪಿನಿಂದ ಹೊರಡುವ ಹಗಲಿನ ವಿಮಾನಗಳಿಗೆ ಒಂದು, ಅಮೆರಿಕದಿಂದ ಬರುವ ರಾತ್ರಿ ವಿಮಾನಗಳಿಗೆ ಇನ್ನೊಂದು. ಬರುವವರನ್ನು ಜೆಟ್ ಸ್ಟ್ರೀಮ್ ಒಳಗೇ ಕೂರಿಸುತ್ತಾರೆ. ಹೋಗುವವರನ್ನು ಅದರಿಂದ ತಪ್ಪಿಸಿ ಉತ್ತರಕ್ಕೋ ದಕ್ಷಿಣಕ್ಕೋ ಸುತ್ತಿಸುತ್ತಾರೆ. ನಾನು ಎಷ್ಟೋ ಸಲ 5,540ರ ದಾರಿ ಬಿಟ್ಟು ಅದಕ್ಕಿಂತ ಉದ್ದದ ದಾರಿ ಆರಿಸಿ ಸಮಯವನ್ನೂ ಇಂಧನವನ್ನೂ ಉಳಿಸಿದ್ದೇನೆ. ಹತ್ತಿರದ ದಾರಿಯೇ ಬೇಗದ ದಾರಿ ಅನ್ನುವುದು ನೆಲದ ಮೇಲೂ ಯಾವಾಗಲೂ ನಿಜವಲ್ಲ, ಮೇಲಂತೂ ಅಲ್ಲವೇ ಅಲ್ಲ.

ಈಗ ನಿಮ್ಮ ಅನುಮಾನ, ಕಂಪನಿಯವರು ಸಮಯ ಸೇರಿಸಿಕೊಳ್ಳುತ್ತಾರೆ ಅನ್ನುವುದು. ಸೇರಿಸುತ್ತಾರೆ, ಸುಳ್ಳಲ್ಲ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ನಿಗದಿತ ಸಮಯಕ್ಕಿಂತ 15 ನಿಮಿಷ ಅಥವಾ ಅದಕ್ಕಿಂತ ತಡವಾಗಿ ಗೇಟ್ ತಲುಪಿದರೆ ಮಾತ್ರ ಆ ವಿಮಾನ ತಡ. ಹಾಗಾಗಿ ವೇಳಾಪಟ್ಟಿ ಮಾಡುವವರು ಹಳೆಯ ದಾಖಲೆ ನೋಡಿ, ಬಹುಪಾಲು ದಿನ ಸರಿಯಾಗಿ ತಲುಪುವಷ್ಟು ಸಮಯ ಇಡುತ್ತಾರೆ. ಸರಾಸರಿ ಸಮಯ ಇಟ್ಟರೆ ಅರ್ಧದಷ್ಟು ದಿನಗಳಲ್ಲಿ ವಿಮಾನ ತಡವಾಗುತ್ತದಲ್ಲ. ಆದರೆ ನೀವು ಅಂದುಕೊಂಡ ಹಾಗೆ ಒಂದೂವರೆ ಗಂಟೆ ಇಡುವುದಿಲ್ಲ. ಗೇಟ್, ಪೈಲಟ್, ಸಿಬ್ಬಂದಿ, ವಿಮಾನ ಎಲ್ಲಕ್ಕೂ ನಿಮಿಷದ ಲೆಕ್ಕದಲ್ಲಿ ಖರ್ಚು. ಸುಮ್ನೆ ಯಾರೂ ಕೊಡುವುದಿಲ್ಲ. ಒಳ್ಳೆಯ ದಿನ ನೀವು 15:15ರ ಬದಲು ಮೂರು ಗಂಟೆಗೆ ಅಥವಾ ಇನ್ನೂ ಸ್ವಲ್ಪ ಮೊದಲೇ ತಲುಪಬಹುದು. ಮಧ್ಯಾಹ್ನ ಒಂದು ಗಂಟೆಯೊಳಗೆ ಇಳಿಯುವುದು ಬಿಡಿ, 4 ಗಂಟೆ ಅಂತರ ಹಿಡಿದು ಸೈಟ್‌ನ 6:25ರಿಂದ ಬರುವ ಒಂದೂಮುಕ್ಕಾಲಕ್ಕೂ ಇಳಿಯುವುದಿಲ್ಲ.

ಹಾಗಾಗಿ ಯೋಜನೆಗೆ ಟಿಕೆಟ್‌ನ ಸಮಯ ಹಿಡಿಯಿರಿ. ಸೈಟ್‌ನದು ಕುತೂಹಲಕ್ಕೆ ಇರಲಿ. 15:15 ಬಿಟ್ಟು 17:05 ಅಂದರೆ 1 ಗಂಟೆ 50 ನಿಮಿಷ. ಬೇಡ, ತೆಗೆದುಕೊಳ್ಳಬೇಡಿ.

---

ಕಿಟಕಿಸೀಟು:

ಡಿಸ್ಪ್ಯಾಚರ್ ಸರ್, ನೀವು ಹೆದರಿಸ್ತಾ ಇದ್ದೀರಿ. ಜೆಎಫ್‌ಕೆಯಲ್ಲಿ ಇದಕ್ಕಿಂತ ಕಡಿಮೆ ಸಮಯದಲ್ಲಿ ನಾನು ವಿಮಾನ ಬದಲಿಸಿದ್ದೇನೆ. ಕೈಚೀಲ ಮಾತ್ರ ಇತ್ತು. ಓಡಿದೆ, ಸಿಕ್ಕಿತು. 1 ಗಂಟೆ 50 ನಿಮಿಷ ಧಾರಾಳ.

---

ಹಳೇ ಡಿಸ್ಪ್ಯಾಚರ್:

ನಿಮಗೆ ಸಿಕ್ಕಿತು, ಸಂತೋಷ. ಸಿಗದೇ ಹೋದವರು ಬಂದು ಇಲ್ಲಿ ಬರೆಯುವುದಿಲ್ಲ. ಒಂದೇ ಟಿಕೆಟ್ ಆಗಿದ್ದರೆ ನಾನೂ ಇಷ್ಟು ಹೇಳುತ್ತಿರಲಿಲ್ಲ, ತಪ್ಪಿದರೆ ಅವರೇ ಮುಂದಿನ ವಿಮಾನಕ್ಕೆ ಹಾಕುತ್ತಾರೆ. ಇವರದು ಬೇರೆ ಬೇರೆ ಟಿಕೆಟ್. ಎರಡನೇ ಕಂಪನಿಯ ಕಣ್ಣಲ್ಲಿ ಇವರು ಲಂಡನ್ನಿಂದ ಬಂದವರಲ್ಲ, ಬಾಸ್ಟನ್ ವಿಮಾನಕ್ಕೆ ತಡವಾಗಿ ಬಂದ ಪ್ರಯಾಣಿಕ ಅಷ್ಟೇ.

ಸಮಯವನ್ನು ಹಿಂದಿನಿಂದ ಕಳೆಯುತ್ತಾ ಬನ್ನಿ. 17:05ರ ವಿಮಾನದ ಬಾಗಿಲು ಸಾಮಾನ್ಯವಾಗಿ ಒಂದು ಕಾಲು ಗಂಟೆ ಮೊದಲೇ ಹಾಕುತ್ತಾರೆ. ಲಗೇಜ್ ಕೊಡುವುದಿದ್ದರೆ ಅಮೆರಿಕದ ಒಳಗಿನ ವಿಮಾನಗಳಿಗೆ 40–45 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತದೆ. ಅಂದರೆ 16:20ಕ್ಕೆ ನೀವು ಕೌಂಟರ್ ಎದುರು ನಿಂತಿರಬೇಕು. 15:15ರಿಂದ 16:20ಕ್ಕೆ 65 ನಿಮಿಷ. ಅಷ್ಟರಲ್ಲಿ ಏನೇನು? ಮೊದಲು ಬಾಗಿಲು ತೆರೆಯಬೇಕು. ಅಂದಹಾಗೆ, ವಿಮಾನ ತಲುಪಿತು ಅಂತ ಯಾವಾಗ ಅನ್ನಬೇಕು ಅನ್ನುವುದು ಯುರೋಪಿನ ನ್ಯಾಯಾಲಯದವರೆಗೂ ಹೋಗಿತ್ತು. ಚಕ್ರ ನೆಲ ಮುಟ್ಟಿದಾಗಲಾ, ಗೇಟಿಗೆ ಬಂದಾಗಲಾ ಅಂತ. 2014ರಲ್ಲಿ ತೀರ್ಪು ಬಂತು. ತಡಕ್ಕೆ ಪರಿಹಾರದ ಲೆಕ್ಕ ಮಾಡುವಾಗ, ಕನಿಷ್ಠ ಒಂದು ಬಾಗಿಲು ತೆರೆದು ಜನ ಇಳಿಯಬಹುದಾದ ಕ್ಷಣವೇ ತಲುಪಿದ ಸಮಯ. ನನಗೆ ಬಹಳ ಹಿಡಿಸಿದ ತೀರ್ಪು ಅದು. ಕೆಲಸದಲ್ಲಿದ್ದಾಗ ಅದರಿಂದ ತಲೆನೋವಾಗಿದ್ದು ನಿಜ, ಆದರೂ ನ್ಯಾಯ ಪ್ರಯಾಣಿಕನ ಕಡೆಗಿದೆ.

ಸರಿ, ಬಾಗಿಲು ತೆರೆಯಿತು. ಅಮೆರಿಕಕ್ಕೆ ಹೊರಗಿನಿಂದ ಬಂದವರು ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಶನ್ ಮುಗಿಸಬೇಕು, ಲಗೇಜ್ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಮುಂದೆ ಬಾಸ್ಟನ್‌ಗೆ ಹೋಗುವುದಿದ್ದರೂ ಜೆಎಫ್‌ಕೆಯಲ್ಲೇ. ಮಧ್ಯಾಹ್ನ ಆ ಹೊತ್ತಿಗೆ ಯುರೋಪಿನ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿರುತ್ತವೆ. ಸರತಿ ಒಂದು ದಿನ ಇಪ್ಪತ್ತು ನಿಮಿಷ, ಇನ್ನೊಂದು ದಿನ ಒಂದು ಗಂಟೆ ದಾಟಿದರೂ ಆಶ್ಚರ್ಯ ಇಲ್ಲ. ಆಮೇಲೆ ಕಂಪನಿ ಬೇರೆ ಆದ್ದರಿಂದ ಟರ್ಮಿನಲ್ ಕೂಡ ಬೇರೆ ಇರಬಹುದು. ಟರ್ಮಿನಲ್‌ಗಳ ನಡುವೆ ಏರ್‌ಟ್ರೇನ್ ಇದೆ, ದುಡ್ಡು ಬೇಡ, ಆದರೆ ಸಮಯ ಬೇಕು. ಕೊನೆಗೆ ಮತ್ತೆ ಸೆಕ್ಯುರಿಟಿ.

ಇದೆಲ್ಲ ವಿಮಾನ ಸರಿಯಾಗಿ 15:15ಕ್ಕೆ ಬಂದರೆ. ಮಾರ್ಚ್‌ನಲ್ಲಿ ಎದುರು ಗಾಳಿ ಇನ್ನೂ ಜೋರಾಗೇ ಇರುತ್ತದೆ. ನನ್ನ ಕೇಳಿದರೆ ನಡುವೆ ನಾಲ್ಕು ಗಂಟೆ ಇಡಿ.

---

ಲೆಕ್ಕದ ಮೇಷ್ಟ್ರು:

ಡಿಸ್ಪ್ಯಾಚರ್ ಅವರ 100 ಕಿ.ಮೀ. ಗಾಳಿಯ ಲೆಕ್ಕಕ್ಕೆ ಒಂದು ಬಾಲ. ಹೋಗುವಾಗ ಕಳೆದದ್ದು ಬರುವಾಗ ವಾಪಸ್ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಪೂರ್ತಿ ಸಿಗುವುದಿಲ್ಲ. ಗಾಳಿ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 19 ನಿಮಿಷ. ಗಾಳಿ ಇದ್ದರೆ 6:55ಕ್ಕೆ 5:32 ಸೇರಿಸಿದರೆ, ಸೆಕೆಂಡು ಹಿಡಿದು, 12 ಗಂಟೆ 28 ನಿಮಿಷ. ಒಂಬತ್ತು ನಿಮಿಷ ನಷ್ಟ. ಎದುರು ಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ, ಅದಕ್ಕೆ.

ಆದರೆ ನಾನು ಹೇಳಲು ಬಂದದ್ದು ಬೇರೆ. ಪಯಣಿಗರೇ, ಸುಮ್ನೆ ಕುತೂಹಲಕ್ಕೆ ನಿಮ್ಮ ಮೂರೂ ನಿಲ್ದಾಣಗಳನ್ನು ಸೂತ್ರಕ್ಕೆ ಹಾಕಿದೆ. ಹೀಥ್ರೋದಿಂದ ಬಾಸ್ಟನ್ 5,240 ಕಿ.ಮೀ. ಬಾಸ್ಟನ್‌ನಿಂದ ಜೆಎಫ್‌ಕೆ 300. ಕೂಡಿಸಿ ನೋಡಿ.

5,540! ಹೀಥ್ರೋ–ಜೆಎಫ್‌ಕೆ ಅಂತರವೂ ಅದೇ. ಅಂದರೆ ಬಾಸ್ಟನ್ ಇರುವುದು ಹೆಚ್ಚುಕಡಿಮೆ ಆ ದಾರದ ಮೇಲೇ. ಗೋಡೆ ನಕ್ಷೆ ನೋಡಿದವರಿಗೆ ಇದು ಹೊಳೆಯುವುದೇ ಇಲ್ಲ. ನೀವು ಬಾಸ್ಟನ್ ದಾಟಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ 300 ಕಿ.ಮೀ. ಹಿಂದಕ್ಕೆ ಬರುತ್ತಿದ್ದೀರಿ. ಹೀಥ್ರೋದಿಂದ ಬಾಸ್ಟನ್‌ಗೆ ನೇರ ವಿಮಾನ ಇದೆ. ಯಾಕೆ ಈ ಸುತ್ತು?

---

ಪಯಣಿಗ_16:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಜೆಎಫ್‌ಕೆ ಟಿಕೆಟ್ ಪಾಯಿಂಟ್ಸ್ ಕೊಟ್ಟು ತೆಗೆದದ್ದು, ಈಗ ರದ್ದು ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ವಾಪಸ್ಸೂ ಜೆಎಫ್‌ಕೆಯಿಂದಲೇ, ಕೊನೆಯ ಎರಡು ದಿನ ನ್ಯೂಯಾರ್ಕಿನಲ್ಲೇ ಕೆಲಸ. ಹಾಗಾಗಿ ಸುತ್ತು ಅನಿವಾರ್ಯ.

ಒಂದು ಅನುಮಾನ. 300 ಕಿ.ಮೀ. ಅಂದಿರಿ. ಗಂಟೆಗೆ 900ರಲ್ಲಿ ಅದು 20 ನಿಮಿಷ. ಬಾಸ್ಟನ್ ವಿಮಾನಕ್ಕೆ ಮಾತ್ರ ಒಂದು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿದ್ದಾರೆ. ಇಲ್ಲೂ ಎದುರು ಗಾಳಿನಾ?

---

ಹಳೇ ಡಿಸ್ಪ್ಯಾಚರ್:

ಇಲ್ಲ, ಇಲ್ಲಿ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟು ಹತ್ತಿರದ ಹಾರಾಟದಲ್ಲಿ ವಿಮಾನ 900 ಮುಟ್ಟುವುದೇ ಇಲ್ಲ. ಅಮೆರಿಕದಲ್ಲಿ 10,000 ಅಡಿ ಕೆಳಗೆ 250 ನಾಟ್ಸ್ ಮಿತಿ, ಗಂಟೆಗೆ ಸುಮಾರು 460 ಕಿ.ಮೀ. ಏರಿ ಸ್ವಲ್ಪ ಹೊತ್ತು ನೇರ ಹೋಗುವಷ್ಟರಲ್ಲಿ ಇಳಿಯುವ ಸಮಯ ಬರುತ್ತದೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆಯ ಆಸುಪಾಸು. ಉಳಿದದ್ದು ಜೆಎಫ್‌ಕೆಯ ಟ್ಯಾಕ್ಸಿ ಸರತಿ. ಸಂಜೆ ಹೊತ್ತು ಅಲ್ಲಿ ರನ್‌ವೇ ತನಕ ಹೋಗುವುದೇ ಒಂದು ಪ್ರಯಾಣ.

ಅದಕ್ಕೇ ಅಂತರದ ಸೈಟ್‌ಗಳು ಹತ್ತಿರದ ಜಾಗಗಳಿಗೆ ಇನ್ನೂ ಕೆಟ್ಟದಾಗಿ ತಪ್ಪುತ್ತವೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಅಂತ ಎರಡು ನಿಲ್ದಾಣ ಇವೆ. ನಡುವೆ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣ ಎರಡು ನಿಮಿಷ. ಗಾಳಿ ಚೆನ್ನಾಗಿದ್ದ ಒಂದು ದಿನ 53 ಸೆಕೆಂಡಿನಲ್ಲೂ ಮುಗಿದಿದೆ. ಜಗತ್ತಿನ ಅತಿ ಚಿಕ್ಕ ನಿಗದಿತ ಹಾರಾಟ ಅದು. ಅಲ್ಲಿ ಸರತಿ ಇಲ್ಲ, ಚಿಕ್ಕ ವಿಮಾನ, ಹಾಗಾಗಿ ನಡೆಯುತ್ತದೆ.

ಅಂತರ ಅಷ್ಟೇ ಇದ್ದು ಸಮಯ ರಾತ್ರೋರಾತ್ರಿ ಬದಲಾದ ದಾರಿಯೂ ಇದೆ. ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರಿದರೆ ಒಂಬತ್ತೂವರೆ ಗಂಟೆ. 2022ರ ಫೆಬ್ರವರಿಯಲ್ಲಿ ಆ ಆಕಾಶ ಮುಚ್ಚಿತು. ಮಾರ್ಚ್‌ನಲ್ಲಿ ಫಿನ್‌ಏರ್ ಮತ್ತೆ ಹೊರಟಾಗ ಉತ್ತರ ಧ್ರುವದ ಕಡೆಯಿಂದ ಸುತ್ತಿ ಹೋಗಬೇಕಾಯಿತು, 13 ಗಂಟೆ. ಅಂತರದ ಸೈಟ್‌ಗಳು ಇವತ್ತಿಗೂ 7,800 ಅಂತಲೇ ತೋರಿಸುತ್ತವೆ. ತೋರಿಸಲಿ ಬಿಡಿ, ನಿಲ್ದಾಣಗಳೇನೂ ಜಾಗ ಬದಲಿಸಿಲ್ಲವಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಸಂಜೆ ಏಳೂವರೆ ನಂತರದ ಬಾಸ್ಟನ್ ವಿಮಾನ ನೋಡಿ. ತೀರಾ ಕೊನೆಯದನ್ನು ಬೇಡ. ಅದು ರದ್ದಾದರೆ ಆ ರಾತ್ರಿ ಬೇರೆ ದಾರಿ ಇರುವುದಿಲ್ಲ.

---

ಪಯಣಿಗ_16:

19:55ಕ್ಕೆ ಒಂದು ಇದೆ, ಅದರ ಮೇಲೆ ಇನ್ನೊಂದೂ ಇದೆ. ಆ 19:55ರದ್ದನ್ನೇ ತೆಗೆಯುತ್ತೇನೆ. 17:05ಕ್ಕಿಂತ ಸ್ವಲ್ಪ ದುಬಾರಿ, ಪರವಾಗಿಲ್ಲ.

ಕೊನೆಯ ಪ್ರಶ್ನೆ. ವಾಪಸ್ ಬರುವಾಗ 5:30 ಅಂತಿದೆ. ಬೆನ್ನ ಗಾಳಿ ಜೋರಿದ್ದರೆ ನಾಲ್ಕೂವರೆಗೇ ಬಂದುಬಿಡುತ್ತಾ? ಕರೆದುಕೊಂಡು ಹೋಗಲು ಬರುವವರಿಗೆ ಎಷ್ಟು ಹೊತ್ತಿಗೆ ಬನ್ನಿ ಅನ್ನಲಿ?

---

ಹಳೇ ಡಿಸ್ಪ್ಯಾಚರ್:

ಹೀಥ್ರೋದಲ್ಲಿ ಬೇಗ ಬಂದವರಿಗೆ ಬಹುಮಾನ ಇಲ್ಲ. ರಾತ್ರಿ ವಿಮಾನಗಳಿಗೆ ಅಲ್ಲಿ ಬಿಗಿ ಮಿತಿ ಇದೆ. ಬೆಳಗಿನ ಜಾವ ಅಟ್ಲಾಂಟಿಕ್ ದಾಟಿ ಬಂದವರೆಲ್ಲ ಒಟ್ಟಿಗೇ ಸೇರುತ್ತಾರೆ. ಬೇಗ ಬಂದರೆ ಬೋವಿಂಗ್ಡನ್, ಲ್ಯಾಂಬೋರ್ನ್, ಆಕಮ್, ಬಿಗ್ಗಿನ್ ಅಂತ ನಾಲ್ಕು ಹೋಲ್ಡಿಂಗ್ ಜಾಗ ಇವೆ, ಅವುಗಳಲ್ಲಿ ಒಂದರ ಮೇಲೆ ಸುತ್ತು ಹೊಡೆಸುತ್ತಾರೆ. ಅದಕ್ಕೇ ಗಾಳಿ ಚೆನ್ನಾಗಿದೆ ಅಂತ ಗೊತ್ತಾದ ದಿನ ದಾರಿಯಲ್ಲೇ ವೇಗ ಕಡಿಮೆ ಮಾಡಿಸುತ್ತಾರೆ. ಸುತ್ತುವುದಕ್ಕಿಂತ ಇಂಧನ ಉಳಿಯುತ್ತದೆ. ಹಾಗಾಗಿ ನಾಲ್ಕೂವರೆ ಮರೆತುಬಿಡಿ.

5:30 ಗೇಟ್ ಸಮಯ. ಇಳಿದು, ಪಾಸ್‌ಪೋರ್ಟ್ ತೋರಿಸಿ, ಲಗೇಜ್ ತೆಗೆದುಕೊಂಡು ಹೊರಗೆ ಬರುವುದು ಆರೂಕಾಲು, ಆರೂವರೆ. ಅವರಿಗೆ ಆರೂವರೆ ಅಂತ ಹೇಳಿ.

ಮತ್ತೆ, ನನ್ನ ಮಾತೂ ನಂಬಬೇಡಿ. ವಿಮಾನಗಳನ್ನು ಹಿಂಬಾಲಿಸುವ ಸೈಟ್‌ಗಳಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿದರೆ ಕಳೆದ ಕೆಲವು ದಿನಗಳ ದಾಖಲೆ ಸಿಗುತ್ತದೆ. ಹೊರಡುವ ಹಿಂದಿನ ವಾರ ನೋಡಿ. ರನ್‌ವೇ ಸಮಯ, ಗೇಟ್ ಸಮಯ ಎರಡನ್ನೂ ಬೇರೆ ಬೇರೆ ಕೊಟ್ಟಿದ್ದರೆ ಗೇಟ್‌ನದನ್ನೇ ನೋಡಿ. ಅಂತರದ ಸೈಟ್ ಹತ್ತು ನಿಮಿಷ ನೋಡುವ ಬದಲು ಅದನ್ನು ಎರಡು ನಿಮಿಷ ನೋಡಿದರೆ ಸಾಕು.

---

ಕಿಟಕಿಸೀಟು:

ಹೋಗುವಾಗ ಸೀಟ್ ಎದುರಿನ ಪರದೆಯಲ್ಲಿ ಗ್ರೌಂಡ್ ಸ್ಪೀಡ್ ನೋಡಿ ಬರೆದುಕೊಳ್ಳಿ ಪಯಣಿಗರೇ, ಬರುವಾಗಿನದನ್ನೂ. ಇಲ್ಲಿ ಹಾಕಿ, ಮೇಷ್ಟ್ರಿಗೆ ಅವತ್ತಿನ ಗಾಳಿ ಎಷ್ಟಿತ್ತು ಅಂತ ಲೆಕ್ಕ ಮಾಡಲು ಬಿಡೋಣ.